ಕಿವಿ ಮುಂದೆ ನಾಡಿಯ ಹಾಗೆ ಹೊಡೆದುಕೊಳ್ಳುವ ಗಂಟು. ಮುಖದ ಸರ್ಜರಿ ಆಗಿ ಐದು ವಾರ

ಕಟಪಾಡಿ ಹೊಲಿಗೆ ಅಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಮೂರು ದಿನ ಯೋಚನೆ ಮಾಡಿದೆ. ರಾತ್ರಿ ನಿದ್ದೆ ಬರುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನನಗೆ 51 ವರ್ಷ. ಕಟಪಾಡಿಯಲ್ಲಿ ಹೊಲಿಗೆ ಅಂಗಡಿ ಉಂಟು. ಐದು ವಾರದ ಹಿಂದೆ ಮುಖದ ಸರ್ಜರಿ ಮಾಡಿಸಿಕೊಂಡೆ. ಫೇಸ್‌ಲಿಫ್ಟ್ ಅನ್ನುತ್ತಾರಲ್ಲ, ಅದರಲ್ಲಿ ಸಣ್ಣದು. ಕಿವಿಯ ಮುಂದೆ ಮತ್ತು ಮೇಲೆ ಕೂದಲಿನ ಅಂಚಿನಲ್ಲಿ ಕೊಯ್ದು, ಜೋತುಬಿದ್ದ ಕೆನ್ನೆಯನ್ನು ಮೇಲಕ್ಕೆ ಎಳೆದು ಹೊಲಿಯುತ್ತಾರೆ.

ಯಾಕೆ ಮಾಡಿಸಿದೆ ಎಂದು ಕೆಲವರು ಕೇಳಬಹುದು. ಶುಗರ್ ಬಂದ ಮೇಲೆ ಒಂದು ವರ್ಷದಲ್ಲಿ 14 ಕೆಜಿ ಇಳಿದೆ. ಒಳ್ಳೆಯದೇ ಆಯಿತು, ಆದರೆ ಮುಖ ಪೂರ್ತಿ ಇಳಿದುಹೋಯಿತು. ಅಂಗಡಿಗೆ ಬಂದವರೆಲ್ಲ ಅಳತೆ ಕೊಡುವ ಮೊದಲು "ಎಂತ ಅಕ್ಕ, ಹುಷಾರಿಲ್ಲವಾ?" ಎಂದು ಕೇಳುವುದು. ದಿನಕ್ಕೆ ಹತ್ತು ಸಲ. ಹುಷಾರಾಗಿ ಇದ್ದೇನೆ ಎಂದು ಹೇಳಿ ಹೇಳಿ ಸಾಕಾಯಿತು. ಪಿಗ್ಮಿ ಕಟ್ಟಿ ಕೂಡಿಟ್ಟ ನನ್ನದೇ ದುಡ್ಡು. ಗಂಡನಿಗೆ ಮಾತ್ರ ಗೊತ್ತು. ಉಳಿದವರಿಗೆ ಹಲ್ಲಿನ ಆಪರೇಷನ್ ಎಂದು ಹೇಳಿದ್ದೇನೆ. ನನ್ನ ಜೊತೆ ಕೆಲಸ ಮಾಡುವ ಹುಡುಗಿಯರು ಪಾಪ, ಎರಡು ವಾರ ಗಂಜಿ ಮಾಡಿ ತಂದುಕೊಟ್ಟರು.

ಹೊಲಿಗೆ ತೆಗೆದ ಮೇಲೆ ಎಲ್ಲ ಚೆನ್ನಾಗಿಯೇ ಇತ್ತು. ನೀಲಿಗಟ್ಟಿದ್ದೂ ಹೋಯಿತು. ನಾಲ್ಕನೇ ವಾರ ಒಂದು ದಿನ ತಲೆಗೆ ನೀರು ಹಾಕುವಾಗ ಎಡಗಿವಿಯ ಮುಂದೆ, ಸ್ವಲ್ಪ ಮೇಲೆ, ಬೆರಳಿಗೆ ಏನೋ ಸಿಕ್ಕಿತು. ಆವತ್ತು ಹುಣಸೆ ಬೀಜದಷ್ಟು ಇತ್ತು. ಈಗ ಸುಲಿದ ಸಣ್ಣ ಅಡಕೆಯಷ್ಟು ಉಂಟು. ಕೆಂಪಾಗಿಲ್ಲ, ಜ್ವರ ಇಲ್ಲ, ನೋವೂ ಜಾಸ್ತಿ ಇಲ್ಲ. ಆದರೆ ಅದು ಹೊಡೆದುಕೊಳ್ಳುತ್ತದೆ. ಒಂದು ಕೈಯ ಬೆರಳು ಗಂಟಿನ ಮೇಲೆ, ಇನ್ನೊಂದು ಕೈ ಮಣಿಕಟ್ಟಿನ ನಾಡಿಯ ಮೇಲೆ ಇಟ್ಟು ನೋಡಿದೆ. ಎರಡೂ ಒಟ್ಟಿಗೇ ಹೊಡೆಯುತ್ತವೆ. ಎಡಕ್ಕೆ ಮಲಗಿದರೆ ದಿಂಬಿನ ಒಳಗೆ ಯಾರೋ ಮೆಲ್ಲ ಚೆಂಡೆ ಬಾರಿಸಿದ ಹಾಗೆ ಕೇಳುತ್ತದೆ.

ಕ್ಲಿನಿಕ್‌ಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. "ಸ್ವೆಲ್ಲಿಂಗ್ ಮೂರು ತಿಂಗಳು ಇರುತ್ತದೆ, ಹಗುರವಾಗಿ ಮಸಾಜ್ ಮಾಡಿ" ಎಂದು ಉತ್ತರ ಬಂತು. ಎರಡು ದಿನ ಮಾಡಿದೆ. ಮತ್ತೆ ಹೆದರಿಕೆ ಆಗಿ ಬಿಟ್ಟೆ. ಫೋಟೋದಲ್ಲಿ ಗಂಟು ಕಾಣುತ್ತದೆ, ಅದು ಹೊಡೆದುಕೊಳ್ಳುವುದು ಕಾಣುವುದಿಲ್ಲ ಅಲ್ವಾ?

ಬಿಪಿ ಮಾತ್ರೆ, ಶುಗರ್ ಮಾತ್ರೆ ಉಂಟು. ರಕ್ತ ತೆಳು ಮಾಡುವ ಸಣ್ಣ ಇಕೋಸ್ಪ್ರಿನ್ ಮಾತ್ರೆ ಸರ್ಜರಿಗೆ ಮೊದಲು ನಿಲ್ಲಿಸಿದ್ದರು, ಈಗ ಪುನಃ ಶುರು ಮಾಡಿದ್ದೇನೆ.

ಯಾರಿಗಾದರೂ ಹೀಗೆ ಆಗಿದೆಯಾ? ಯಾವ ಡಾಕ್ಟರ್ ಹತ್ತಿರ ಹೋಗಬೇಕು? ಚರ್ಮದವರಾ, ಕಿವಿ ಮೂಗಿನವರಾ? ನಮ್ಮ ಊರಿನ ಡಾಕ್ಟರ್ ಹತ್ತಿರ ಹೋದರೆ "ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ" ಎನ್ನುತ್ತಾರೋ ಎಂದು ಇನ್ನೂ ಹೋಗಿಲ್ಲ.

ಶಿರ್ವದ ಮಾವ:

ಹೆದರಬೇಡ ತಂಗಿ. ಹೊಲಿಗೆ ಹಾಕಿದ ಜಾಗದಲ್ಲಿ ಗಂಟು ಬರುವುದು ಉಂಟು. ನನಗೆ ಹರ್ನಿಯಾ ಆದಾಗಲೂ ಬಂದಿತ್ತು. ಉಗುರು ಬೆಚ್ಚಗಿನ ಎಣ್ಣೆ ಹಚ್ಚಿ ಬಿಸಿ ಬಟ್ಟೆಯ ಶಾಖ ಕೊಟ್ಟರೆ ಕರಗುತ್ತದೆ.

ಕೋಟದ ಹವ್ಯಾಸಿ:

ಅಕ್ಕ, ಶಾಖ ಬೇಡ. ಮಸಾಜ್ ಬೇಡವೇ ಬೇಡ. ಮಾವ, ನೀವು ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ಹರ್ನಿಯಾದ ಗಂಟು ಬೇರೆ, ಇದು ಬೇರೆ. ಅಕ್ಕ ಬರೆದದ್ದನ್ನು ಓದುವಾಗ ನನ್ನ ಮೈ ಜುಮ್ ಎಂದಿತು. ಇದೇ ಗಂಟು ನನಗೂ ಆಗಿತ್ತು. ಜಾಗವೂ ಹತ್ತಿರ ಹತ್ತಿರ ಅದೇ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ನಾನು ಸೊಸೈಟಿ ಒಂದರಲ್ಲಿ ಗುಮಾಸ್ತ. ಸಂಜೆಯ ಮೇಲೆ ಯಕ್ಷಗಾನ. ಬಡಗುತಿಟ್ಟು, ಹವ್ಯಾಸಿ ತಂಡ. ಸ್ತ್ರೀವೇಷ ಮಾಡುತ್ತೇನೆ, ಜನ ಇಲ್ಲದಾಗ ಪುರುಷವೇಷವನ್ನೂ ಮಾಡುತ್ತೇನೆ. ಹಿಂದೆ ಸಾಲಿಗ್ರಾಮದ ಹತ್ತಿರ ಬೈಕಿನಿಂದ ಬಿದ್ದು ಬಲಹುಬ್ಬಿನ ತುದಿಯಿಂದ ಕೆನ್ನೆಲುಬಿನ ಮೇಲಿನವರೆಗೆ ಒಂದು ಕಲೆ ಉಳಿದಿತ್ತು. ಉಬ್ಬಿದ ಕಲೆ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಎಷ್ಟು ಬಣ್ಣ ಹಚ್ಚಿದರೂ ಅದರ ಮೇಲೆ ಬಣ್ಣ ಕೂರುತ್ತಿರಲಿಲ್ಲ. ಬೆಳಕು ಬಿದ್ದಾಗ ಗೆರೆ ಎದ್ದು ಕಾಣುತ್ತಿತ್ತು. ಕಲೆಯನ್ನು ಕೊಯ್ದು ತೆಗೆದು ತೆಳುವಾಗಿ ಪುನಃ ಹೊಲಿಯುವ ಸಣ್ಣ ಸರ್ಜರಿ ಮಾಡಿಸಿದೆ. ಒಂದು ಗಂಟೆಯ ಕೆಲಸ. ಆವತ್ತೇ ಮನೆಗೆ ಬಂದೆ. ಹೊಲಿಗೆ ತೆಗೆದಾಗ ನೋಡಿದವರೆಲ್ಲ ಚಂದ ಆಗಿದೆ ಎಂದರು.

ಇಪ್ಪತ್ತಾರನೇ ದಿನ ಒಂದು ಶಾಲೆಯ ಮೈದಾನದಲ್ಲಿ ಆಟ. ಅರ್ಜುನನ ವೇಷ ಮಾಡುವವರು ಬಂದಿರಲಿಲ್ಲ, ನನಗೆ ಮುಂಡಾಸು ಕಟ್ಟುತ್ತಿದ್ದರು. ಬಟ್ಟೆ ಸುತ್ತಿ ಬಿಗಿ ಮಾಡಿದಾಗ ಬಲಬದಿಯಲ್ಲಿ ಒಳಗಿನಿಂದ ಯಾರೋ ಗುದ್ದಿದ ಹಾಗಾಯಿತು. ಮುಂಡಾಸು ಬಿಗಿ ಆದರೆ ತಲೆ ಸಿಡಿಯುವುದು ನಮಗೆ ಹೊಸತಲ್ಲ. ಹಾಗೆಂದು ಸುಮ್ಮನಾದೆ. ಬೆಳಗಿನ ಜಾವ ವೇಷ ಕಳಚಿ, ಎಣ್ಣೆ ಹಾಕಿ ಬಣ್ಣ ತೆಗೆಯುವಾಗ ಕೈಗೆ ಸಿಕ್ಕಿತು. ದ್ರಾಕ್ಷಿಯಷ್ಟು. ಮೆತ್ತಗೆ. ಹೊಡೆದುಕೊಳ್ಳುತ್ತಿತ್ತು.

ಮರುದಿನ ಒಬ್ಬ ಡಾಕ್ಟರಿಗೆ ತೋರಿಸಿದೆ. ಹೆಸರು ಬೇಡ, ಕೆಟ್ಟವರಲ್ಲ. ತುಂಬ ಜನ ಕಾಯುತ್ತಿದ್ದರು. ದೂರದಿಂದ ನೋಡಿ "ನೀರು ನಿಂತಿದೆ, ಸೂಜಿ ಹಾಕಿ ತೆಗೆಯುವ" ಎಂದರು. ನಾನು ಕಲೆಯ ಸರ್ಜರಿಯ ವಿಷಯ ಹೇಳಲೇ ಇಲ್ಲ. ಗಂಡಸಾಗಿ ಮುಖಕ್ಕೆ ಸರ್ಜರಿ ಮಾಡಿಸಿದ್ದೇನೆ ಎಂದು ಹೇಳಲು ನಾಚಿಕೆ. ಅದು ಹೊಡೆದುಕೊಳ್ಳುತ್ತದೆ ಎಂದೂ ಹೇಳಲಿಲ್ಲ. ಅವರು ಬೆರಳಿಟ್ಟು ನೋಡಲಿಲ್ಲ. ಸೂಜಿ ಒಳಗೆ ಹೋದದ್ದೇ, ಅವರು ಎಳೆಯುವ ಮೊದಲೇ ಸಿರಿಂಜಿನ ಒಳಗೆ ಹೊಳೆಯುವ ಕೆಂಪು ರಕ್ತ ತಾನೇ ನುಗ್ಗಿ ಬಂತು. ಅವರ ಮುಖ ಬಿಳಿಚಿಕೊಂಡಿತು. ಸೂಜಿ ತೆಗೆದಾಗ ಗೋಡೆಯ ಕ್ಯಾಲೆಂಡರಿಗೆ ರಕ್ತ ಹಾರಿತು. ಇಪ್ಪತ್ತೈದು ನಿಮಿಷ ಅವರೇ ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಂತರು. ಹೊರಗೆ ಇದ್ದವರನ್ನೆಲ್ಲ ಕಾಯಿಸಿದರು. ಅದಕ್ಕೆ ನಾನು ಈಗಲೂ ಅವರಿಗೆ ಋಣಿ.

ಆಮೇಲೆ ಮಂಗಳೂರಿನಲ್ಲಿ ಡಾಪ್ಲರ್ ಸ್ಕ್ಯಾನ್ ಆಯಿತು, ರಕ್ತ ಹರಿಯುವುದನ್ನು ಬಣ್ಣದಲ್ಲಿ ತೋರಿಸುವ ಸ್ಕ್ಯಾನ್. ಪರದೆಯ ಮೇಲೆ ಗಂಟಿನ ಒಳಗೆ ಅರ್ಧ ಕೆಂಪು, ಅರ್ಧ ನೀಲಿ, ಸುಳಿಯ ಹಾಗೆ ತಿರುಗುತ್ತಿತ್ತು. ಸೂಡೊಅನ್ಯೂರಿಸಂ ಎಂದರು. ರಕ್ತನಾಳದ ಸುಳ್ಳು ಉಬ್ಬು.

ನನಗೆ ಅರ್ಥ ಆದ ಹಾಗೆ ಹೇಳುತ್ತೇನೆ. ಅಡಕೆ ತೋಟದಲ್ಲಿ ಮಣ್ಣಿನಡಿ ನೀರಿನ ಪೈಪ್ ಇರುತ್ತದಲ್ಲ. ಅಗೆಯುವಾಗ ಅದಕ್ಕೆ ಗುದ್ದಲಿಯ ಮೂಲೆ ತಾಗಿ ಸಣ್ಣ ತೂತು ಆಯಿತು ಅಂದುಕೊಳ್ಳಿ. ಪೈಪ್ ಪೂರ್ತಿ ತುಂಡಾದರೆ ಕೂಡಲೇ ಗೊತ್ತಾಗುತ್ತದೆ. ಸಣ್ಣ ತೂತು ಆದರೆ ಸದ್ಯಕ್ಕೆ ಮಣ್ಣು ಮೆತ್ತಿ ಮುಚ್ಚಿಕೊಳ್ಳುತ್ತದೆ. ದಿನ ಹೋದ ಹಾಗೆ ಆ ಮಣ್ಣು ಕರಗುತ್ತದೆ. ಪಂಪ್ ಹಾಕಿದಾಗಲೆಲ್ಲ ನೀರು ಹೊರಗೆ ನುಗ್ಗಿ ಪೈಪಿನ ಪಕ್ಕ ಒಂದು ಪೊಟರೆ ಮಾಡಿಕೊಳ್ಳುತ್ತದೆ. ರಕ್ತನಾಳಕ್ಕೂ ಹಾಗೆ. ಸರ್ಜರಿಯಲ್ಲಿ ಗೋಡೆಗೆ ಸಣ್ಣ ಗಾಯ ಆಗಿ ಹೆಪ್ಪು ಮುಚ್ಚಿಕೊಂಡಿರುತ್ತದೆ. ಹೆಪ್ಪು ಕರಗಿದ ಮೇಲೆ ರಕ್ತ ಹೊರಗೆ ಬಂದು, ಸುತ್ತಲಿನ ಮಾಂಸವೇ ಅದಕ್ಕೆ ಚೀಲ ಆಗುತ್ತದೆ. ನಿಜವಾದ ರಕ್ತನಾಳದ ಗೋಡೆ ಆ ಚೀಲಕ್ಕೆ ಇಲ್ಲ. ಅದಕ್ಕೇ ಸುಳ್ಳು ಉಬ್ಬು ಎನ್ನುವುದು. ಎರಡರಿಂದ ಆರು ವಾರದ ಒಳಗೆ ಕಾಣಿಸಿಕೊಳ್ಳುವುದು ಜಾಸ್ತಿಯಂತೆ. ನಿಮ್ಮದು ನಾಲ್ಕನೇ ವಾರ, ನನ್ನದೂ ನಾಲ್ಕನೇ ವಾರ.

ನನಗೆ ಬರೇ ಆ ಜಾಗ ಮರಗಟ್ಟಿಸಿ ಆಪರೇಷನ್ ಮಾಡಿದರು. ರಕ್ತನಾಳವನ್ನು ಗಂಟಿನ ಎರಡೂ ಬದಿಯಲ್ಲಿ ಕಟ್ಟಿ, ಗಂಟನ್ನು ತೆಗೆದರು. ರಕ್ತನಾಳ ಕಟ್ಟಿದರೆ ತಲೆಯ ಚರ್ಮ ಒಣಗುವುದಿಲ್ಲವಾ ಎಂದು ಕೇಳಿದೆ. ತಲೆಗೆ ನಾಲ್ಕೂ ಕಡೆಯಿಂದ ರಕ್ತ ಬರುತ್ತದೆ, ಒಂದು ಕವಲು ಹೋದರೆ ಉಳಿದವು ನೋಡಿಕೊಳ್ಳುತ್ತವೆ ಎಂದರು. ಅವರು ಹೆದರಿದ್ದು ಬೇರೆ ವಿಷಯಕ್ಕೆ. ಹುಬ್ಬು ಏರಿಸುವ ನರ ಅಲ್ಲೇ ಪಕ್ಕದಲ್ಲಿ ಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಹುಬ್ಬು ಮೇಲೆ ಹೋಗುವುದಿಲ್ಲ. ಸ್ತ್ರೀವೇಷದವನಿಗೆ ಹುಬ್ಬೇ ಮಾತು ಅಕ್ಕ. ಮೇಜಿನ ಮೇಲೆ ಮಲಗಿದ್ದಾಗ ನಾಲ್ಕೈದು ಸಲ "ಹುಬ್ಬು ಏರಿಸಿ" ಎಂದರು. ಪ್ರತಿ ಸಲ ಏರಿಸುವಾಗ ದೇವರನ್ನು ನೆನೆದೆ. ಏನೂ ಆಗಲಿಲ್ಲ. ಆ ವರ್ಷ ಪತ್ತನಾಜೆಯವರೆಗಿನ, ಅಂದರೆ ಆಟದ ಕಾಲ ಮುಗಿಯುವವರೆಗಿನ ಆಟ ಎಲ್ಲ ತಪ್ಪಿತು, ಅಷ್ಟೆ.

ನಾಳೆಯೇ ಹೋಗಿ. ಸೂಜಿ ಹಾಕುವ ಎಂದು ಯಾರಾದರೂ ಹೇಳಿದರೆ, ಮೊದಲು ಸ್ಕ್ಯಾನ್ ಎಂದು ಹೇಳಿ. ಮತ್ತು ಸರ್ಜರಿ ಆದದ್ದನ್ನು ಮುಚ್ಚಿಡಬೇಡಿ. ನಾನು ಮುಚ್ಚಿಟ್ಟದ್ದಕ್ಕೇ ಸೂಜಿ ಬಿತ್ತು.

ಕಟಪಾಡಿ ಹೊಲಿಗೆ ಅಕ್ಕ:

ಅಣ್ಣ, ಓದಿ ಕೈ ನಡುಗಿತು. ಆದರೆ ಹೆಸರು ಗೊತ್ತಾದದ್ದು ಒಂದು ಸಮಾಧಾನ. ನಾಳೆ ಭಾನುವಾರ. ಸೋಮವಾರದವರೆಗೆ ಕಾಯಬಹುದಾ? ಡಾಪ್ಲರ್ ಎಂದರೆ ಹೊಟ್ಟೆ ಸ್ಕ್ಯಾನ್‌ನ ಹಾಗೆಯಾ?

ಸ್ಕ್ಯಾನ್ ರೂಮ್, ಮಂಗಳೂರು:

ನಾನು ರೇಡಿಯಾಲಜಿ ಡಾಕ್ಟರ್. ನೋಡದೆ ಇದೇ ಕಾಯಿಲೆ ಎಂದು ಹೇಳಲು ಆಗುವುದಿಲ್ಲ. ಆದರೆ ನೀವು ಬರೆದದ್ದನ್ನು ಓದಿದರೆ ಅಣ್ಣ ಹೇಳಿದ್ದನ್ನೇ ನಾನೂ ಮೊದಲು ಯೋಚಿಸುತ್ತೇನೆ.

ಹೌದು, ಹೊಟ್ಟೆ ಸ್ಕ್ಯಾನ್ ಮಾಡುವ ಮೆಷಿನ್‌ನಲ್ಲೇ ಮಾಡುವುದು. "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಎಂದು ಬೋರ್ಡ್ ಇರುತ್ತದಲ್ಲ, ಅದೇ ರೂಮು. ಉಪವಾಸ ಬೇಡ, ಇಂಜೆಕ್ಷನ್ ಇಲ್ಲ, ಎಕ್ಸ್‌ರೇಯ ಹಾಗೆ ಕಿರಣವೂ ಇಲ್ಲ. ಜೆಲ್ ಹಚ್ಚಿ ಮೆಲ್ಲ ಇಟ್ಟು ನೋಡುತ್ತೇವೆ. ಚೀಟಿಯಲ್ಲಿ ಬರೇ "ಗಂಟು" ಎಂದು ಬರೆಸಬೇಡಿ. ಫೇಸ್‌ಲಿಫ್ಟ್ ಆಗಿ ಐದು ವಾರ, ಕಿವಿ ಮುಂದೆ ಮಿಡಿಯುವ ಊತ, ಕಲರ್ ಡಾಪ್ಲರ್ ಬೇಕು ಎಂದು ಬರೆಸಿ. ಅಷ್ಟು ಬರೆದಿದ್ದರೆ ನಾವು ಪ್ರೋಬ್ ಇಡುವ ಮೊದಲೇ ಜಾಗ್ರತೆ ಮಾಡುತ್ತೇವೆ.

ನಿಮ್ಮ ಕಿವಿಯ ಮುಂದೆ ಹೋಗುವ ರಕ್ತನಾಳ ಕುತ್ತಿಗೆಯ ದೊಡ್ಡ ರಕ್ತನಾಳದ ಕೊನೆಯ ಕವಲುಗಳಲ್ಲಿ ಒಂದು. ಕೆನ್ನೆಲುಬಿನ ಕಮಾನು ದಾಟಿ ಮೇಲೆ ಬಂದು, ಹಣೆಯ ಕಡೆಗೆ ಒಂದು, ನೆತ್ತಿಯ ಕಡೆಗೆ ಒಂದು ಎಂದು ಸೀಳುತ್ತದೆ. ಅಡಿಯಲ್ಲಿ ಗಟ್ಟಿ ಎಲುಬು, ಮೇಲೆ ತೆಳು ಚರ್ಮ. ಅದಕ್ಕೇ ಪೆಟ್ಟು ಬಿದ್ದರೆ ಬೇಗ ಗಾಯ ಆಗುವುದು. ಚೆಂಡು ತಾಗಿದವರಲ್ಲಿ, ಬೈಕಿನಿಂದ ಬಿದ್ದವರಲ್ಲಿ ಇದು ಬರುತ್ತದೆ. ಫೇಸ್‌ಲಿಫ್ಟ್, ಹುಬ್ಬು ಎತ್ತುವ ಸರ್ಜರಿ, ಕೂದಲು ನಾಟಿ ಆದ ಮೇಲೂ ಅಪರೂಪಕ್ಕೆ ಬರುತ್ತದೆ.

ಒಂದು ವಿಷಯ ನನಗೆ ಯಾವಾಗಲೂ ಬೇಜಾರು ತರಿಸುವುದು. ಫೇಸ್‌ಲಿಫ್ಟ್ ಆದ ಮೇಲೆ ರಕ್ತ ಸೋರಿ ಗಡ್ಡೆ ಕಟ್ಟುವುದು ಹೆಚ್ಚಾಗಿ ಮೊದಲ 24 ಗಂಟೆಯಲ್ಲಿ. ಆ ಒಂದು ದಿನ ಎಲ್ಲರೂ ಕಣ್ಣಿಟ್ಟು ನೋಡುತ್ತಾರೆ. ವಾರ ಕಳೆದು ಹೊಲಿಗೆ ತೆಗೆದ ಮೇಲೆ ಡಾಕ್ಟರಿಗೂ ರೋಗಿಗೂ ಗೆದ್ದೆವು ಎಂಬ ಭಾವನೆ ಬರುತ್ತದೆ. ನಾಲ್ಕನೇ ವಾರದ ಗಂಟನ್ನು ಸರ್ಜರಿಯ ಜೊತೆ ಸೇರಿಸಿ ನೋಡುವವರು ಕಡಿಮೆ ಆಗುತ್ತಾರೆ. ರೋಗಿಗಳೂ ಬೇರೆ ಡಾಕ್ಟರ್ ಹತ್ತಿರ ಹೋಗಿ ಸರ್ಜರಿಯ ವಿಷಯ ಹೇಳುವುದಿಲ್ಲ.

ಮಿಡಿಯುವ ಗಂಟೆಲ್ಲ ಇದೇ ಅಲ್ಲ. ರಕ್ತನಾಳದ ಮೇಲೆ ಕೂತ ಸಾಮಾನ್ಯ ಗಂಟು ಕೂಡ ಅದರ ಹೊಡೆತಕ್ಕೆ ಮೇಲೆ ಕೆಳಗೆ ಆಡುತ್ತದೆ. ಎರಡು ಬೆರಳನ್ನು ಗಂಟಿನ ಎರಡು ಬದಿಗೆ ಇಟ್ಟಾಗ ಬೆರಳುಗಳು ದೂರ ದೂರ ಸರಿದರೆ ಗಂಟು ತಾನೇ ಹಿಗ್ಗುತ್ತಿದೆ ಎಂದು ಅರ್ಥ. ನೀವು ಇದನ್ನು ಮನೆಯಲ್ಲಿ ಮತ್ತೆ ಮತ್ತೆ ಮಾಡಿ ನೋಡಬೇಡಿ, ಡಾಕ್ಟರ್ ಮಾಡುತ್ತಾರೆ. ಕೈ ಇಟ್ಟಾಗ ಝುಂಯ್ ಎಂದು ಸಣ್ಣಗೆ ನಡುಗಿದರೆ ಎರಡು ಬಗೆಯ ರಕ್ತನಾಳಗಳ ಮಧ್ಯೆ ಅಡ್ಡದಾರಿ ಆಗಿರಬಹುದು. ಊಟ ಮಾಡುವಾಗ ಮಾತ್ರ ಉಬ್ಬುವ ಗಂಟು ಆದರೆ ಅದು ಜೊಲ್ಲಿನ ಗ್ರಂಥಿಯಿಂದ ಸೋರಿದ ನೀರು ಇರಬಹುದು. ಫೇಸ್‌ಲಿಫ್ಟ್ ಆದವರಲ್ಲಿ ಅದೂ ಉಂಟು. ಎಲ್ಲವನ್ನೂ ಸ್ಕ್ಯಾನ್‌ನಲ್ಲಿ ಬೇರೆ ಬೇರೆ ಮಾಡಬಹುದು.

ಸೋಮವಾರದವರೆಗೆ ಕಾಯುವುದರ ಬಗ್ಗೆ: ಗಂಟು ಹಾಗೆಯೇ ಇದ್ದು, ಚರ್ಮ ಚೆನ್ನಾಗಿದ್ದರೆ ಸೋಮವಾರ ಬೆಳಿಗ್ಗೆ ಹೋಗಿ. ಒಮ್ಮೆಲೇ ದೊಡ್ಡದಾದರೆ, ಮೇಲಿನ ಚರ್ಮ ತೆಳುವಾಗಿ ನೀಲಿ ಅಥವಾ ಕಪ್ಪು ಆದರೆ, ರಕ್ತ ಜಿನುಗಿದರೆ, ಮುಖ ಒಂದು ಬದಿಗೆ ಎಳೆದ ಹಾಗೆ ಆದರೆ ಭಾನುವಾರ ಎಂದು ನೋಡಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಟ್ಟೆ ಎತ್ತಿ ಎತ್ತಿ ನೋಡುವುದು ಬೇಡ. ಇಕೋಸ್ಪ್ರಿನ್ ಅನ್ನು ನೀವಾಗಿ ನಿಲ್ಲಿಸಬೇಡಿ, ಅದು ಹೃದಯಕ್ಕೆ ಕೊಟ್ಟದ್ದಾದರೆ ನಿಲ್ಲಿಸುವುದೂ ತೊಂದರೆ. ಕೊಟ್ಟವರನ್ನು ಕೇಳಿ. ಬಿಪಿ ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ. ಒಂದು ವೇಳೆ ಸಿಟಿ ಆಂಜಿಯೋಗ್ರಾಂ (ಔಷಧ ಚುಚ್ಚಿ ರಕ್ತನಾಳ ನೋಡುವ ಸ್ಕ್ಯಾನ್) ಬೇಕು ಎಂದರೆ ಶುಗರ್ ಮಾತ್ರೆಯ ಹೆಸರು ಹೇಳಿ, ಕಿಡ್ನಿಯ ರಕ್ತಪರೀಕ್ಷೆ ಮೊದಲು ಆಗಲಿ.

ಯಾರ ಹತ್ತಿರ ಹೋಗಬೇಕು ಎಂದು ಕೇಳಿದ್ದಿರಿ. ಸರ್ಜರಿ ಮಾಡಿದ ಡಾಕ್ಟರನ್ನೇ ಮೊದಲು ನೇರವಾಗಿ ಕಾಣಿ. ಎಲ್ಲಿ ಕೊಯ್ದಿದ್ದಾರೆ, ಏನು ಕಟ್ಟಿದ್ದಾರೆ ಎಂದು ಅವರಿಗೆ ಮಾತ್ರ ಗೊತ್ತು. ಅವರು ಸಿಗದಿದ್ದರೆ ಪ್ಲಾಸ್ಟಿಕ್ ಸರ್ಜನ್ ಅಥವಾ ರಕ್ತನಾಳದ ಸರ್ಜನ್. ಯಾರೂ ಗೊತ್ತಾಗದಿದ್ದರೆ ಮಂಗಳೂರಿನಲ್ಲಿ ನಮ್ಮ ವೆನ್‌ಲಾಕ್ ಸರಕಾರಿ ಆಸ್ಪತ್ರೆ ಇದೆ, ದೊಡ್ಡ ಕಾಲೇಜು ಆಸ್ಪತ್ರೆಗಳೂ ಇವೆ. ಮತ್ತೆ, ವಯಸ್ಸಿನ ಮಾತು. ಯಾರಾದರೂ ಏನಾದರೂ ಅಂದರೆ ಅದು ಅವರ ತಪ್ಪು. ನಿಮ್ಮ ಮುಖ, ನಿಮ್ಮ ದುಡ್ಡು. ನಮಗೆ ಬೇಕಾದದ್ದು ಸರ್ಜರಿಯ ತಾರೀಕು ಮಾತ್ರ.

ಇಲ್ಲಿ ಓದುವ ಬೇರೆಯವರಿಗೂ ಒಂದು ಮಾತು ಹೇಳಲೇಬೇಕು. ಮೂಗು ನೇರ ಮಾಡಲು, ಹುಬ್ಬಿನ ಮಧ್ಯದ ಗೆರೆ ತುಂಬಲು ಫಿಲ್ಲರ್ ಇಂಜೆಕ್ಷನ್ ಹಾಕಿಸಿಕೊಳ್ಳುವವರು ಈಗ ಜಾಸ್ತಿ ಆಗಿದ್ದಾರೆ. ಅಲ್ಲಿ ತೊಂದರೆ ಬೇರೆ ರೀತಿ. ರಕ್ತ ಸೋರುವುದಲ್ಲ, ಫಿಲ್ಲರ್ ರಕ್ತನಾಳದ ಒಳಗೆ ಹೋಗಿ ಅಥವಾ ಹೊರಗಿನಿಂದ ಒತ್ತಿ ದಾರಿ ಮುಚ್ಚುವುದು. ಚರ್ಮ ಬಿಳಿಚಿ, ಆಮೇಲೆ ಬಲೆಯ ಹಾಗೆ ನೇರಳೆ ಗೆರೆ ಮೂಡುತ್ತದೆ. ಹೆಚ್ಚಾಗಿ ಕೂಡಲೇ ಗೊತ್ತಾಗುತ್ತದೆ. ಕೆಲವರಿಗೆ ಮನೆಗೆ ಹೋದ ಮೇಲೆ, ಮರುದಿನ ಕಾಣುತ್ತದೆ. ಆ ಭಾಗದ ರಕ್ತನಾಳಗಳಿಗೂ ಕಣ್ಣಿನ ರಕ್ತನಾಳಗಳಿಗೂ ಸಂಬಂಧ ಇದೆ, ದೃಷ್ಟಿಯೇ ಹೋಗಬಹುದು. ಹೈಲುರೋನಿಕ್ ಆಸಿಡ್ ಫಿಲ್ಲರ್ ಆದರೆ ಅದನ್ನು ಕರಗಿಸುವ ಹೈಲುರೋನಿಡೇಸ್ ಎಂಬ ಔಷಧ ಉಂಟು. ಬೇಗ ಹಾಕಿದರೆ ಮಾತ್ರ ಪ್ರಯೋಜನ. ಆ ಔಷಧ ಇಟ್ಟುಕೊಳ್ಳದ ಜಾಗದಲ್ಲಿ, ಡಾಕ್ಟರ್ ಅಲ್ಲದವರ ಕೈಯಲ್ಲಿ ದಯವಿಟ್ಟು ಹಾಕಿಸಿಕೊಳ್ಳಬೇಡಿ.

ಬ್ರಹ್ಮಾವರದ ಹುಡುಗ:

ನನ್ನದು ದವಡೆ ಸರ್ಜರಿ. ಮೇಲಿನ ದವಡೆ ಮುಂದೆ ಇತ್ತು. ಅದನ್ನು ಕೊಯ್ದು ಹಿಂದೆ ಸರಿಸಿ ಪ್ಲೇಟ್ ಹಾಕಿದರು. ಹದಿನಾರನೇ ದಿನ ಮೂಗಿನಿಂದ ಸ್ವಲ್ಪ ರಕ್ತ ಬಂತು. ಕರ್ಚೀಫಿನಲ್ಲಿ ಒರೆಸಿಕೊಂಡೆ, ತಾನೇ ನಿಂತಿತು. ಅಮ್ಮ ಉಷ್ಣ ಎಂದು ಎಳನೀರು ಕೊಟ್ಟರು. ಹದಿನೆಂಟನೇ ದಿನ ರಾತ್ರಿ ಮಲಗಿದ್ದಾಗ ಬಾಯಿ ತುಂಬ ರಕ್ತ. ಬಕೆಟ್ ಹಿಡಿದು ಕೂತೆ. ಹೊರಗೆ ಮಳೆ, ಕರೆಂಟ್ ಇಲ್ಲ. ಅಪ್ಪ ಪಕ್ಕದ ಮನೆಯವರ ಓಮ್ನಿಯಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದರು.

ಮುಖದ ಒಳಗೆ ಆಳದಲ್ಲಿ ಇದೇ ತರ ಸುಳ್ಳು ಉಬ್ಬು ಆಗಿತ್ತು. ಅಷ್ಟು ಆಳಕ್ಕೆ ಕೊಯ್ದು ಹೋಗುವುದು ಕಷ್ಟ. ತೊಡೆಯ ಸಂದಿಯ ರಕ್ತನಾಳದಿಂದ ತೆಳು ನಳಿಗೆ ಹಾಕಿ, ಮುಖದವರೆಗೆ ತಂದು, ಕಾಯಿಲ್ ಎಂಬ ತೆಳು ತಂತಿಯ ಸುರುಳಿ ಇಟ್ಟು ಮುಚ್ಚಿದರು. ನನಗೆ ಎಚ್ಚರ ಇತ್ತು. ತೊಡೆಯಿಂದ ಮೂಗಿನ ಹಿಂದಕ್ಕೆ ಹೋಗುವ ದಾರಿ ನಮ್ಮ ಮೈಯಲ್ಲಿ ಇದೆ ಎಂದು ಆವತ್ತು ಗೊತ್ತಾಯಿತು.

ಮೊದಲು ಬಂದ ಆ ಸ್ವಲ್ಪ ರಕ್ತವೇ ಸೂಚನೆ ಆಗಿತ್ತು ಎಂದು ಆಮೇಲೆ ಡಾಕ್ಟರ್ ಹೇಳಿದರು. ದವಡೆ ಸರ್ಜರಿ ಆದವರು ಯಾರಾದರೂ ಓದುತ್ತಿದ್ದರೆ, ಎರಡು ಮೂರು ವಾರದ ಮೇಲೆ ಮೂಗಿನಿಂದ ರಕ್ತ ಬಂದರೆ ಒರೆಸಿಕೊಂಡು ಸುಮ್ಮನೆ ಇರಬೇಡಿ. ಆವತ್ತೇ ಹೋಗಿ. ಅಕ್ಕ, ನಿಮಗೆ ಬೇಗ ಗುಣ ಆಗಲಿ.

ಶಿರ್ವದ ಮಾವ:

ತಂಗಿ, ನನ್ನ ಮಾತು ಬಿಟ್ಟುಬಿಡು. ಸೋಮವಾರ ಹೋಗು. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗು.

ಕಟಪಾಡಿ ಹೊಲಿಗೆ ಅಕ್ಕ, ಹನ್ನೆರಡು ದಿನದ ಮೇಲೆ:

ಎಲ್ಲರಿಗೂ ತಿಳಿಸಬೇಕು ಎಂದು ಬರೆಯುತ್ತಿದ್ದೇನೆ. ಗಂಟು ಹೋಯಿತು.

ಗಂಡನಿಗೆ ಸೋಮವಾರ ರಜೆ ಸಿಗಲಿಲ್ಲ. ಮಾವ ಹೇಳಿದ ಮಾತು ತಲೆಯಲ್ಲಿತ್ತು. ಭಾನುವಾರ ರಾತ್ರಿ ನಾದಿನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹಲ್ಲಿನದ್ದಲ್ಲ, ಹೀಗೆ ಹೀಗೆ ಎಂದು. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ "ಅತ್ತಿಗೆ, ಒಬ್ಬರೇ ಹೇಗೆ ತಡ್ಕೊಂಡ್ರಿ?" ಎಂದಳು. ನಾನು ಅತ್ತುಬಿಟ್ಟೆ. ಬೆಳಿಗ್ಗೆ ಏಳು ಗಂಟೆಗೆ ಬಸ್ ಸ್ಟಾಪಿನಲ್ಲಿ ನನಗಿಂತ ಮೊದಲು ಬಂದು ನಿಂತಿದ್ದಳು. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಟಕಿ ಬದಿ ನನ್ನನ್ನು ಕೂರಿಸಿದಳು, ಎಡಬದಿಗೆ ಯಾರ ಕೈಯೂ ಬ್ಯಾಗೂ ತಾಗಬಾರದು ಎಂದು.

ಕ್ಲಿನಿಕ್‌ನಲ್ಲಿ ಡಾಕ್ಟರನ್ನೇ ಕಾಣಬೇಕು ಎಂದು ಹಟ ಹಿಡಿದು ಕೂತೆವು. ಅವರು ಬೆರಳಿಟ್ಟರು. ಎರಡು ಸೆಕೆಂಡ್ ಅಷ್ಟೇ. ಅವರ ಮುಖ ಬದಲಾಯಿತು. ಫೋಟೋ ನೋಡಿ ಉತ್ತರ ಕೊಟ್ಟದ್ದು ಕೌಂಟರಿನ ಹುಡುಗಿಯಂತೆ. ಡಾಕ್ಟರಿಗೆ ಫೋಟೋ ತಲುಪಿಯೇ ಇರಲಿಲ್ಲ. ಅವರು ಕ್ಷಮೆ ಕೇಳಿದರು. ನನಗೆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಎರಡು ದಿನ ನಾನು ಅದನ್ನು ಒತ್ತಿ ಒತ್ತಿ ಮಸಾಜ್ ಮಾಡಿದ್ದೇನೆ ಅಲ್ವಾ? ಏನಾದರೂ ಆಗಿದ್ದರೆ? ಇನ್ನು ಮುಂದೆ ಸರ್ಜರಿ ಆದವರ ಫೋಟೋ ಬಂದರೆ ಡಾಕ್ಟರೇ ನೋಡಬೇಕು ಎಂದು ಅವರ ಎದುರಲ್ಲೇ ಹೇಳಿ ಬಂದೆ. ಆ ಹುಡುಗಿಯದ್ದು ತಪ್ಪಲ್ಲ, ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಚೀಟಿಯಲ್ಲಿ ಮೇಡಂ ಹೇಳಿದ ಹಾಗೆಯೇ ಬರೆಸಿದೆ. (ಸ್ಕ್ಯಾನ್ ರೂಮ್‌ನವರು ಮೇಡಮ್ಮೋ ಸಾರೋ ಗೊತ್ತಿಲ್ಲ, ನನಗೆ ಮೇಡಂ ಎಂದೇ ಅನಿಸಿತು.) ಅದೇ ದಿನ ಸ್ಕ್ಯಾನ್ ಆಯಿತು. 14 ಮಿಲಿಮೀಟರ್. ನಾನೂ ಪರದೆ ನೋಡಿದೆ, ಕೆಂಪು ನೀಲಿ ಎರಡು ದಾರ ಒಂದೇ ಬಾಬಿನ್‌ನಲ್ಲಿ ಸುತ್ತಿಕೊಂಡ ಹಾಗೆ ತಿರುಗುತ್ತಿತ್ತು. ಅಲ್ಲಿದ್ದವರು ಸಣ್ಣ ಗಂಟಿಗೆ ಥ್ರೋಂಬಿನ್ ಎಂಬ ಇಂಜೆಕ್ಷನ್ ಕೊಟ್ಟು ಒಳಗೇ ಹೆಪ್ಪುಗಟ್ಟಿಸುವುದೂ ಉಂಟು ಎಂದರು. ಆದರೆ ಮುಖದ ಹತ್ತಿರ ಅದು ಮುಂದೆ ಹರಿದು ಬೇರೆ ಕಡೆ ಹೋಗಬಾರದು, ನನ್ನದಕ್ಕೆ ಕೊಯ್ದು ತೆಗೆಯುವುದೇ ಒಳ್ಳೆಯದು ಎಂದು ಸರ್ಜನ್ ತೀರ್ಮಾನ ಮಾಡಿದರು. ಬುಧವಾರ ಆಪರೇಷನ್. ಹಳೆಯ ಗಾಯದ ಗೆರೆಯಲ್ಲೇ ಕೊಯ್ದರು, ಹೊಸ ಕಲೆ ಆಗದ ಹಾಗೆ. ನನಗೂ ಹುಬ್ಬು ಏರಿಸಲು ಹೇಳಿದರು! ಅಣ್ಣ, ಆಗ ನಿಮ್ಮದೇ ನೆನಪು. ಏರಿಸಿದೆ, ಎರಡೂ ಏರಿತು.

ಅಂಗಡಿಯ ಹುಡುಗಿಯರಿಗೂ ಹೇಳಿದೆ. ಗಂಜಿ ಕುಡಿದ ಋಣ ಅಲ್ವಾ, ಸುಳ್ಳು ಹೇಳಿ ಇರಲು ಮನಸ್ಸಾಗಲಿಲ್ಲ. ಚಿಕ್ಕವಳು ಹತ್ತಿರ ಬಂದು ಗಾಯ ನೋಡಿ, "ಅಕ್ಕ, ಒಳ್ಳೆಯ ಕೈಯವರು ಹೊಲಿದಿದ್ದಾರೆ" ಎಂದಳು. ಮತ್ತೆ ಕೆಲಸಕ್ಕೆ ಕೂತಳು, ಅಷ್ಟೇ.

ನಿನ್ನೆ ರಾತ್ರಿ ಮೊದಲ ಸಲ ಎಡಕ್ಕೆ ಮಲಗಿ ನೋಡಿದೆ. ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ.

ಒಂದು ಕೇಳುವುದು ಉಂಟು ಅಣ್ಣ. ನೀವು ಮುಂಡಾಸು ಪುನಃ ಎಷ್ಟು ದಿನ ಬಿಟ್ಟು ಕಟ್ಟಿದಿರಿ? ನನಗೆ ಸ್ಕೂಟಿಯಲ್ಲಿ ಹೋಗಬೇಕು, ಹೆಲ್ಮೆಟಿನ ಅಂಚು ಸರಿಯಾಗಿ ಅದೇ ಜಾಗಕ್ಕೆ ಬರುತ್ತದೆ.

ಕೋಟದ ಹವ್ಯಾಸಿ:

ತುಂಬ ಸಂತೋಷ ಆಯಿತು ಅಕ್ಕ. ಮನೆಯವಳಿಗೂ ಓದಿ ಹೇಳಿದೆ. ನನಗೆ ಆರು ವಾರ ಬೇಡ ಎಂದಿದ್ದರು, ನಾನು ಎರಡು ತಿಂಗಳು ಬಿಟ್ಟೆ. ನಿಮ್ಮ ಲೆಕ್ಕ ನಿಮ್ಮ ಸರ್ಜನ್ ಹೇಳಬೇಕು. ಹೊಲಿಗೆ ತೆಗೆಯಲು ಹೋಗುವಾಗ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಂಚು ಎಲ್ಲಿ ತಾಗುತ್ತದೆ ಎಂದು ಅವರಿಗೇ ತೋರಿಸಿ. ಹೆಲ್ಮೆಟ್ ಇಲ್ಲದೆ ಸ್ಕೂಟಿ ಮಾತ್ರ ಬೇಡ. ಅಲ್ಲಿಯವರೆಗೆ ಬಸ್ಸಿನಲ್ಲೇ ಹೋಗಿ.